ನಾವೇ ವಿಂಗಡಿಸಿದ ಮನೆ

“ನಗೇ ಮುಂಡೇದೆ. ಹಲ್ಲು ಕಾಣೋ ಹಂಗೆ ನಗು. ನಿಮ್ಮಪ್ಪ ಏನಾದ್ರೂ ಸತ್ತಿದಾನಾ?”

ಇದನ್ನು ಹೇಳುವಾಗ ಸೀಟಿ ತಾನೇ ಬಾಯ್ತುಂಬ ನಗುತ್ತಿದ್ದ. ಸೀಟಿ ಎಂದರೆ ನಾವು ಕಸ ವಿಂಗಡಿಸುವ ಶೆಡ್ಡಿನ ಮೇಲ್ವಿಚಾರಕ. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುವುದರಿಂದ ಆ ಹೆಸರು. ಸಮುದ್ರದಾಚೆಯಿಂದ ಸೇವೆ ಮಾಡಲು ಬಂದವರ ಮುಂದೆ ಅವನು ನಮ್ಮನ್ನು ಬಯ್ಯುವುದೆಲ್ಲ ಹೀಗೇ, ಜೇನು ಸುರಿಯುವ ಮುಖದಲ್ಲಿ. ಅವರಿಗೆ ನಮ್ಮ ಮಾತು ಬಾರದು, ನಮಗೆ ಅವರದು ಬಾರದು. ನಡುವೆ ಇವನೊಬ್ಬನೇ ಸೇತುವೆ. ಆ ಸೇತುವೆಯ ಮೇಲೆ ಯಾವ ಮಾತು ಯಾವ ವೇಷ ತೊಟ್ಟು ದಾಟುತ್ತಿತ್ತೋ ಯಾರಿಗೆ ಗೊತ್ತು.

ಅಪ್ಪ ಸತ್ತು ಆರು ವರ್ಷವಾಗಿತ್ತು. ನಾನು ನಕ್ಕೆ.

ನನ್ನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದವಳು ತೆನೆಕೂದಲು. ಆ ಹೆಸರಿಟ್ಟವಳು ನಾನೇ. ಎಳೆಯ ಜೋಳದ ತೆನೆಯಿಂದ ಇಳಿಬಿದ್ದ ರೇಷ್ಮೆಯಂಥ ಕೂದಲು ಅವಳದು. ಅಲ್ಲಿಂದ ಬಂದಿದ್ದ ಹನ್ನೊಂದು ಜನರಲ್ಲಿ ಅವಳೊಬ್ಬಳೇ ನಮ್ಮ ಮೇಜಿನ ಬಳಿ ಬಂದರೆ ಮೂಗು ಮುಚ್ಚಿಕೊಳ್ಳದವಳು. ಫೋಟೋಕ್ಕೆಂದು ನನ್ನ ಕೈಗೂ ಒಂದು ಜೊತೆ ನೀಲಿ ಗವಸು ಹಾಕಿಸಿದ್ದರು. ಫೋಟೋ ಮುಗಿದದ್ದೇ ಸೀಟಿ ಕೈ ಚಾಚಿದ.

“ಬಿಚ್ಚು. ಪಕ್ಕದ ಸಾಲಿನವರದ್ದು ತೆಗೀಬೇಕು.”

ಬಿಚ್ಚಿ ಕೊಟ್ಟೆ. ಅದಕ್ಕೇನೂ ಬೇಸರವಾಗಲಿಲ್ಲ. ಗವಸು ಹಾಕಿದ ಕೈಯ ಜೊತೆ ಪ್ಲಾಸ್ಟಿಕ್ ಮಾತಾಡುವುದಿಲ್ಲ. ಬರಿಗೈಯಲ್ಲಿ ಹಿಡಿದು ಕಿವಿಯ ಹತ್ತಿರ ಮುದುರಿದರೆ ಒಂದೊಂದೂ ತನ್ನ ಕುಲ ಹೇಳುತ್ತದೆ. ಕರಕರ ಅನ್ನುವುದು ಒಂದು ರಾಶಿಗೆ, ಪಿಸಪಿಸ ಅನ್ನುವುದು ಇನ್ನೊಂದಕ್ಕೆ, ಏನೂ ಅನ್ನದೆ ಮೆತ್ತಗೆ ಮಡಚಿಕೊಳ್ಳುವುದು ಮೂರನೆಯದಕ್ಕೆ. ನನಗೆ ಇದನ್ನು ಕಲಿಸಿದವಳು ಅಜ್ಜಿ, ಕತೆ ಹೇಳುತ್ತ ಹೇಳುತ್ತ. ರಾಕ್ಷಸ ಬಂದಾಗ ಕರಕರ, ರಾಜಕುಮಾರಿ ನಡೆದಾಗ ಪಿಸಪಿಸ. ಹಾಗೆ ಕಲಿತದ್ದರಿಂದಲೋ ಏನೋ, ಇಡೀ ದಿನ ಕಸ ಆರಿಸಿದರೂ ನನ್ನ ತಲೆ ಬೇರೆ ಯಾವುದೋ ಸೀಮೆಯಲ್ಲಿರುತ್ತಿತ್ತು. “ಇವಳೊಬ್ಬಳು, ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾಳೆ” ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು.

ಆಗ ಅಕ್ಕನಿಗೆ ತಮಾಷೆ ಮಾಡುವಷ್ಟು ನಿದ್ದೆ ಇತ್ತು.

ಈಗ ಅವಳು ನನ್ನ ಎದುರು ನಿಂತು, ಬಾಟಲಿಯ ಮುಚ್ಚಳ ತಿರುವುತ್ತ ತಿರುವುತ್ತಲೇ ತೂಕಡಿಸುತ್ತಿದ್ದಳು. ಅವಳ ತಲೆಯ ಮೇಲೆ, ಶೆಡ್ಡಿನ ಕಬ್ಬಿಣದ ತೊಲೆಯಿಂದ ಇಳಿಬಿಟ್ಟ ಹಗ್ಗದಲ್ಲಿ ಗೋಣಿಚೀಲದ ಜೋಲಿ. ಅದರೊಳಗೆ ಇಪ್ಪತ್ತಾರು ದಿನದ ಕೂಸು. ಕೂಸಿನ ಹಿಮ್ಮಡಿಗೆ ಬಟ್ಟೆ ಸುತ್ತಿತ್ತು. ಹೆಗ್ಗಣ ಕಚ್ಚಿದ್ದು.

ತೆನೆಕೂದಲು ಜೋಲಿಯ ಹಗ್ಗದ ಫೋಟೋ ತೆಗೆದುಕೊಂಡಳು. ಹಗ್ಗದ ನಡುವೆ ಅಕ್ಕ ದೊಡ್ಡ ನೀರಿನ ಬಾಟಲಿಯೊಂದನ್ನು ಅಡ್ಡ ಕತ್ತರಿಸಿ, ಕೊಡೆಯ ಹಾಗೆ ಬೋರಲು ಪೋಣಿಸಿದ್ದಳು. ಮೊದಲನೇ ಸಲ ಕಚ್ಚಿದ ಮೇಲೆ ಮಾಡಿದ ಉಪಾಯ. ಹಗ್ಗ ಹಿಡಿದು ಇಳಿಯುವ ಹೆಗ್ಗಣ ಬಾಟಲಿಯ ಮೇಲೆ ಕಾಲಿಟ್ಟರೆ ಜಾರಿ ಕೆಳಗೆ ಬೀಳಬೇಕು. ತೆನೆಕೂದಲು ಅದನ್ನು ತೋರಿಸಿ ಏನೋ ಕೇಳಿದಳು. ಸೀಟಿ ಏನೋ ಹೇಳಿದ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ಅಕ್ಕನ ಕಡೆ ಮೆಚ್ಚಿ ನೋಡಿದಳು.

“ಏನಂದ್ರಿ ಅಣ್ಣ?” ನಾನು ಕೇಳಿದೆ.

“ಕೂಸಿಗೆ ಆಟದ ಸಾಮಾನು ಅಂದೆ. ಇನ್ನೇನು, ನಮ್ಮ ಶೆಡ್ಡಲ್ಲಿ ಹೆಗ್ಗಣ ಮಕ್ಕಳನ್ನ ತಿಂತಾವೆ ಅಂತ ಡಂಗುರ ಹೊಡೀಲಾ? ಕೆಲಸ ನೋಡು.”

*

ನಮಗೆ ಮನೆ ಇತ್ತು. ಶೆಡ್ಡಿನ ಹಿಂದೆ, ಬೇಲಿಗೆ ಒರಗಿಕೊಂಡು. ಮಾಡಿಗೆ ನಾಲ್ಕು ತಗಡು, ಸುತ್ತ ಗೋಣಿ, ಹಲಗೆ, ಬ್ಯಾನರು. ಒಂದು ಗೋಡೆ ಪೂರ್ತಿ ಯಾವುದೋ ಹಲ್ಲಿನ ಆಸ್ಪತ್ರೆಯ ಬ್ಯಾನರು. ಅದರಲ್ಲಿ ಆಳೆತ್ತರದ ಹೆಂಗಸೊಬ್ಬಳು ಮೂವತ್ತೆರಡು ಹಲ್ಲೂ ಬಿಟ್ಟು ನಗುತ್ತಿದ್ದಳು. ಅಕ್ಕ ಅವಳನ್ನು ಅತ್ತಿಗೆ ಎಂದು ಕರೆಯುತ್ತಿದ್ದಳು. ಬಾವ ಬೇರೆ ಊರಿನ ಲಾರಿ ಹತ್ತಿ ಹೋದವನು ತಿರುಗಿ ಬರದಿದ್ದಾಗ ಅವಳ ಮುಂದೆಯೇ ಕೂತು, “ನಿನಗೇನಮ್ಮ, ನಗ್ತಾ ಇರು. ನಿನ್ನ ತಮ್ಮ ಮಾಡಿರೋ ಕೆಲಸಕ್ಕೆ ಹೊಟ್ಟೆ ಹೊತ್ತಿರೋಳು ನಾನು” ಎಂದು ಜಗಳ ತೆಗೆದಿದ್ದಳು.

ಆ ಮನೆಯೊಳಗೆ ಹೆಗ್ಗಣ ಬರುತ್ತಿರಲಿಲ್ಲ. ಅಜ್ಜಿ ಸುತ್ತಲೂ ಗೇಣುದ್ದ ತಗಡನ್ನು ನೆಲದೊಳಕ್ಕೆ ಹೂತಿದ್ದಳು. ಬಾಗಿಲು ಸಣ್ಣದಾದರೂ ಬಿಗಿಯಾಗಿತ್ತು.

ಹನ್ನೊಂದು ಜನ ಬಂದ ಮೂರನೇ ದಿನ ಸೀಟಿ ತೆನೆಕೂದಲನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ನಮ್ಮ ಬಾಗಿಲಿಗೆ ಬಂದ. ಅಕ್ಕನಿಗೆ ಆಗ ಒಂಬತ್ತು ತಿಂಗಳು ತುಂಬುತ್ತಿತ್ತು.

“ಅಜ್ಜೀ, ನಿನ್ನ ಅದೃಷ್ಟ ಖುಲಾಯಿಸ್ತು” ಅಂದ. “ಈ ಗುಡಿಸಲು ಬಿಚ್ಚಿ, ಇದರದೇ ಸಾಮಾನು ಹಾಕಿ, ಇದೇ ಜಾಗದಲ್ಲಿ ಚೆಂದದ ಮನೆ ಕಟ್ತಾರಂತೆ. ಕಸದಲ್ಲೇ ಮನೆ ಕಟ್ಟಬಹುದು ಅಂತ ಲೋಕಕ್ಕೆ ತೋರಿಸ್ತಾರಂತೆ. ಇಪ್ಪತ್ತು ದಿನದ ಕೆಲಸ. ಒಪ್ಪಿಗೇನಾ ಅಂತ ಕೇಳ್ತಿದಾರೆ.”

ಅಜ್ಜಿ ಆ ಮೂವರ ಮುಖ ನೋಡಿದಳು. ಅವಳ ಕತೆಗಳಲ್ಲಿ ಏಳು ಸಮುದ್ರ ದಾಟಿ ಬಂದವರು ಒಂದೋ ವರ ಕೊಡುತ್ತಾರೆ, ಇಲ್ಲವೇ ರಾಜಕುಮಾರಿಯನ್ನು ಹೊತ್ತುಕೊಂಡು ಹೋಗುತ್ತಾರೆ. ಮನೆ ಬಿಚ್ಚಿ ಕೊಡು ಎಂದು ಕೇಳಿಕೊಂಡು ಬಂದವರ ಕತೆ ಅಜ್ಜಿಗೂ ಗೊತ್ತಿರಲಿಲ್ಲ. ವರ ಕೊಡುವವರೇ ಇರಬೇಕೆಂದುಕೊಂಡಳು. ಯಾರಿಗೆ ಕಟ್ಟುತ್ತೀರಿ ಎಂದು ಅವಳು ಕೇಳಲಿಲ್ಲ. ಒಬ್ಬರ ಮನೆ ಬಿಚ್ಚಿ, ಅದೇ ಸಾಮಾನಿನಲ್ಲಿ, ಅದೇ ಜಾಗದಲ್ಲಿ ಕಟ್ಟುವ ಮನೆ ಯಾರಿಗೆಂದು ಯಾರಾದರೂ ಕೇಳುತ್ತಾರೆಯೇ?

“ಬಿಚ್ಚೋಕೆ ಅವರ್ಯಾಕೆ, ಪಾಪ, ಕೈಯೆಲ್ಲ ಮೆತ್ತಗಿದೆ” ಅಂದಳು ಅಜ್ಜಿ. “ನಾವೇ ಬಿಚ್ಚಿ ಕೊಡ್ತೀವಿ.”

ಬಿಚ್ಚಿದೆವು. ಬಿಚ್ಚಿದ್ದನ್ನು ಗುಡ್ಡೆ ಹಾಕಿ ಕೊಡುವುದು ನಮಗೆ ಗೊತ್ತಿಲ್ಲ. ನಮ್ಮ ಕೈಗಳು ಹಾಗೆ ಕೆಲಸ ಮಾಡುವುದೇ ಇಲ್ಲ. ತಗಡನ್ನು ತೊಳೆದು ಶೆಡ್ಡಿನ ತಗಡಿನ ರಾಶಿಗೆ ಸೇರಿಸಿದೆವು. ಗೋಣಿಯನ್ನು ಕೊಡವಿ ಗೋಣಿಯ ರಾಶಿಗೆ, ಹಲಗೆಯನ್ನು ಹಲಗೆಯ ರಾಶಿಗೆ. ಬಗ್ಗಿದ ಮೊಳೆಗಳನ್ನು ಅಕ್ಕ ಕಲ್ಲಿನ ಮೇಲಿಟ್ಟು ಒಂದೊಂದನ್ನೇ ನೆಟ್ಟಗೆ ಮಾಡಿ ಕಬ್ಬಿಣದ ಡಬ್ಬಕ್ಕೆ ಹಾಕಿದಳು. ಅತ್ತಿಗೆಯನ್ನು ನಾನೇ ಸುರುಳಿ ಸುತ್ತಿ ಬ್ಯಾನರುಗಳ ಮೇಲೆ ಒರಗಿಸಿದೆ. ಸಂಜೆಯ ಹೊತ್ತಿಗೆ ನಮ್ಮ ಮನೆ ಎಷ್ಟು ಚೊಕ್ಕಟವಾಗಿ ವಿಂಗಡವಾಗಿತ್ತೆಂದರೆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು, “ನೋಡ್ಲಿ ಬಿಡು, ಕೆಲಸ ಅಂದ್ರೆ ಏನು ಅಂತ” ಎಂದಳು.

ಆ ರಾತ್ರಿಯಿಂದ ಶೆಡ್ಡಿನಲ್ಲಿ, ಕಟ್ಟಿದ ಮೂಟೆಗಳ ಸಂದಿಯಲ್ಲಿ ಮಲಗಿದೆವು. ಹದಿನಾಲ್ಕನೇ ದಿನಕ್ಕೆ ಅಕ್ಕ ಅಲ್ಲಿಯೇ ಹೆತ್ತಳು. ಹೊಕ್ಕುಳಬಳ್ಳಿ ಕತ್ತರಿಸಿದ್ದು ಅಜ್ಜಿ. ಇಪ್ಪತ್ತು ದಿನ ಹೋಗಿ ನಲವತ್ತಾಯಿತು. ಬಾಟಲಿಗಳೊಳಗೆ ಕವರು ತುಂಬಿ ತುಂಬಿ ಇಟ್ಟಿಗೆ ಮಾಡಿದರು. ಅಂದರೆ ನಾವು ತುಂಬಿದೆವು, ಅವರು ತಲೆಗೊಂದೊಂದು ತುಂಬಿ ಅದರ ಮೇಲೆ ತಮ್ಮ ಹೆಸರು ಬರೆದುಕೊಂಡರು. ಮಣ್ಣು ಕಲಸಿ ಗೋಡೆ ಎಬ್ಬಿಸಿದರು. ನಮ್ಮ ತಗಡಿಗೆ ಆಕಾಶದ ಬಣ್ಣ ಬಳಿದರು. ಅತ್ತಿಗೆಯನ್ನು ತಿರುವಿ ಹಾಕಿ, ಬಿಳಿಯ ಬೆನ್ನು ಕಾಣುವ ಹಾಗೆ, ಮಾಡಿನ ಒಳಮೈಗೆ ಹೊಡೆದರು. ನಿಜ ಹೇಳಬೇಕೆಂದರೆ ಮನೆ ಚೆಂದವಿತ್ತು. ನಾನು ದಿನಾ ಅದರ ಮುಂದೆ ನಿಂತು, ಅಕ್ಕನ ಜೋಲಿ ಯಾವ ಮೂಲೆಗೆ, ಅಜ್ಜಿಯ ಒಲೆ ಯಾವ ಮೂಲೆಗೆ ಎಂದು ಮನಸ್ಸಿನಲ್ಲೇ ಒಕ್ಕಲು ಹೂಡುತ್ತಿದ್ದೆ.

*

ಎರಡನೇ ಸಲ ಹೆಗ್ಗಣ ಕಚ್ಚಿದ್ದು ಕಿವಿಗೆ. ಹಗ್ಗದಿಂದ ಇಳಿಯಲಾಗದೆ ಮೂಟೆಗಳ ಮೇಲಿಂದ ನೆಗೆದಿತ್ತು. ಕಿವಿಯ ತುದಿಯಲ್ಲಿ ಕಡಲೆಕಾಳಿನಷ್ಟು ಇರಲಿಲ್ಲ.

ದವಾಖಾನೆಯ ನರ್ಸು ಗಾಯ ತೊಳೆದು ಸೂಜಿ ಹಾಕಿದಳು. ನಮ್ಮ ಬಟ್ಟೆ ನೋಡಿದಳು, ಮತ್ತೆ ಕೂಸಿನ ಹಿಮ್ಮಡಿ ನೋಡಿದಳು.

“ಎರಡು ಸಲ ಕಚ್ಚಿಸಿದೀರಲ್ಲ, ನೀವೇನು ಮನುಷ್ಯರಾ? ಬಾಗಿಲಿರೋ ಕಡೆ ಮಲಗಿಸಿ. ದಿನಾ ಬಿಸಿನೀರು ಕಾಯಿಸಿ ತೊಳೀರಿ. ಮೂರನೇ ಸಲ ಇಲ್ಲಿಗೆ ತರಬೇಡಿ, ತಂದು ಪ್ರಯೋಜನ ಇರಲ್ಲ.”

ಅಕ್ಕ ಅವತ್ತಿನಿಂದ ಮಲಗುವುದನ್ನೇ ಬಿಟ್ಟಳು. ಇರುಳೆಲ್ಲ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಕೈಯಲ್ಲೊಂದು ಕಬ್ಬಿಣದ ಪಟ್ಟಿ ಹಿಡಿದು ಕೂರುವಳು. ನಾನು ಕಾಯುತ್ತೇನೆಂದರೆ, “ನೀನು ಕನಸು ಕಾಣೋಳು, ಬೇಡ” ಎನ್ನುವಳು. ಹಗಲು ಮೇಜಿನ ಮುಂದೆ ತೂಕಡಿಸುವಳು. ಸೀಟಿ ಹಿಂದಿನಿಂದ ಬಂದು ಅವಳ ಕಿವಿಯಲ್ಲೇ ಸೀಟಿ ಊದುವನು.

ದವಾಖಾನೆಯಿಂದ ಬಂದವಳೇ ಅಜ್ಜಿ ನೇರ ಅವನ ಬಳಿ ಹೋದಳು. ಮನೆಯ ಗೋಡೆಗಳು ಒಣಗಿದ್ದವು, ಬಾಗಿಲು ಕೂತಿತ್ತು.

“ಮನೆ ಆಯ್ತಲ್ಲಪ್ಪ. ಇವತ್ತೇ ಒಳಗೆ ಹೋಗ್ತೀವಿ. ಕೂಸಿಗೆ ಹಿಂಗಾಗಿದೆ.”

ಸೀಟಿ ಚಹಾ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟ.

“ಯಾವ ಮನೆ?”

“ನಮ್ಮನೆ.”

“ನಿಮ್ಮನೆ ಎಲ್ಲಿದೆ ಇಲ್ಲಿ? ಅದು ಯೋಜನೆ ಮನೆ. ಬಂದೋರು ನೋಡೋಕೆ. ಒಳಗೆ ಯಾರೂ ಇರೋ ಹಂಗಿಲ್ಲ.”

“ತಗಡು ನಮ್ಮದು. ಹಲಗೆ ನಮ್ಮದು. ಬ್ಯಾನರು...”

“ನಿಂದು? ಎಲ್ಲಿಂದ ತಗೊಂಡ್ರು ಅದನ್ನ? ರಾಶಿಯಿಂದ. ರಾಶಿಗೆ ಹಾಕಿದ್ದು ಯಾರು? ನೀನೇ. ಹೋದ ವರ್ಷ ಆ ಕುಂಟಿ ಹಿತ್ತಾಳೆ ನಲ್ಲಿ ಗೊತ್ತಿಲ್ಲದೆ ರಾಶಿಗೆ ಹಾಕಿಬಿಟ್ಟೆ, ವಾಪಸ್ ಕೊಡಿ ಅಂತ ಅತ್ತಾಗ ಏನಂದೆ ನೀನು? ಎಲ್ಲರ ಮುಂದೆ ಹೇಳು.”

ಮೇಜಿನ ಸುತ್ತ ಇದ್ದ ಹೆಂಗಸರ ಕೈಗಳೆಲ್ಲ ನಿಂತವು. ಶೆಡ್ಡಿನಲ್ಲಿ ಜಗಳವಾದರೆ ತೀರ್ಪು ಹೇಳುತ್ತಿದ್ದವಳು ಅಜ್ಜಿಯೇ. ಈ ಶೆಡ್ಡು ಕಟ್ಟಿದ ಕಂಪನಿಗೂ ಮೊದಲು, ಸೀಟಿಗೂ ಮೊದಲು, ಬಯಲಲ್ಲಿ ಕಸ ಆಯುವ ಕಾಲದಿಂದ ನಡೆದುಬಂದ ಕಟ್ಟಳೆ ಅದು. ಅದಿಲ್ಲದಿದ್ದರೆ ನಾವು ದಿನಾ ಒಬ್ಬರ ಜುಟ್ಟು ಒಬ್ಬರು ಹಿಡಿಯಬೇಕಾಗಿತ್ತು.

“ಹೇಳೇ ಮುದುಕಿ.”

“ರಾಶಿಗೆ ಬಿದ್ದಿದ್ದು ರಾಶೀದು” ಅಂದಳು ಅಜ್ಜಿ.

“ಗಟ್ಟಿಯಾಗಿ.”

“ರಾಶಿಗೆ ಬಿದ್ದಿದ್ದು ರಾಶೀದು.”

“ಹಾಂ. ನಿನ್ನ ಕಾನೂನು, ನಿನ್ನ ಬಾಯಿ. ನಾನೇನಾದ್ರೂ ಸೇರಿಸಿದ್ನಾ?” ಅವನು ಲೋಟ ಎತ್ತಿಕೊಂಡ. ಕುಂಟಿ, ಆ ನಲ್ಲಿ ಕಳೆದುಕೊಂಡವಳು, ತಲೆ ತಗ್ಗಿಸಿ ಅಳುತ್ತಿದ್ದಳು. ಅಜ್ಜಿ ಅಳಲಿಲ್ಲ. ಮೇಜಿಗೆ ಬಂದು ನಿಂತು ಒಂದು ಕವರನ್ನು ಕೈಗೆತ್ತಿಕೊಂಡಳು, ಕಿವಿಯ ಬಳಿ ಮುದುರಿದಳು. ಮತ್ತೆ ಮುದುರಿದಳು. ಅದು ಯಾವ ರಾಶಿಯದೆಂದು ಅವಳಿಗೆ ತಿಳಿಯಲಿಲ್ಲ.

*

ಹಣ ಕೊಟ್ಟ ದೊಡ್ಡವರು ಮನೆ ನೋಡಲು ಬರುವವರಿದ್ದರು. ಅದರ ಹಿಂದಿನ ದಿನ ಮಧ್ಯಾಹ್ನ ನಮ್ಮನ್ನು ಒಳಗೆ ಕರೆದರು. ಇರಲಿಕ್ಕಲ್ಲ, ಫೋಟೋಕ್ಕೆ. ಅಜ್ಜಿ, ಅಕ್ಕ, ಕೂಸು ಒಳಗೆ ಕೂರಬೇಕು. ನಾನು ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಿರಬೇಕು. ಮುಖ ಸಂತೋಷದ್ದಾಗಿರಬೇಕು.

ಒಳಗೆ ತಂಪಿತ್ತು. ಹಸಿ ಮಣ್ಣಿನ ವಾಸನೆ ಇನ್ನೂ ಇತ್ತು. ಗೋಡೆಯ ಮೇಲುಗಡೆ ಕೂರಿಸಿದ್ದ ಖಾಲಿ ಬಾಟಲಿಗಳ ತಳದಿಂದ ತೂರಿ ಬಂದ ಬೆಳಕು ನೆಲದ ಮೇಲೆ ಹಸಿರು, ನೀಲಿ ಬಿಲ್ಲೆಗಳಾಗಿ ಬಿದ್ದಿತ್ತು. ಅಕ್ಕ ಹಲಗೆಯ ಬೆಂಚಿನ ಮೇಲೆ ತುದಿಯಲ್ಲಿ ಕೂತಳು. ಸುತ್ತ ನೋಡಿದಳು. ಗೋಡೆಯ ಬುಡ ನೋಡಿದಳು, ಬೆರಳಿನಿಂದ ಒತ್ತಿ ನೋಡಿದಳು. ಸಂದಿಯಿರಲಿಲ್ಲ. ಕೂಸನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸಿದಳು. ಹುಟ್ಟಿದ ಮೇಲೆ ಅದು ನೆಲ ಕಂಡದ್ದು ಅವತ್ತೇ. ಕಾಲು ಝಾಡಿಸಿತು, ಅದರ ಮುಷ್ಟಿ ನೀಲಿ ಬಿಲ್ಲೆಯೊಂದರ ಮೇಲೆ ಬಿತ್ತು. ತೆನೆಕೂದಲು ಮುಚ್ಚಳಗಳನ್ನು ಪೋಣಿಸಿ ತಾನೇ ಮಾಡಿದ್ದ ಗಿಲಕಿಯನ್ನು ಅದರ ಪಕ್ಕ ಇಟ್ಟಳು.

ನಾನು ಬಾಗಿಲಿನಿಂದ ನೋಡುತ್ತಿದ್ದಂತೆ ಅಕ್ಕನ ಕತ್ತು ಪಕ್ಕಕ್ಕೆ ವಾಲಿತು. ಬಾಯಿ ತೆರೆಯಿತು. ಅವಳು ಗೊರಕೆ ಹೊಡೆಯುತ್ತಿದ್ದಳು. ಅಜ್ಜಿ ನನಗೆ ಕಣ್ಣಿನಲ್ಲೇ ಸುಮ್ಮನಿರು ಎಂದಳು. ಅವರು ಫೋಟೋ ತೆಗೆದರು, ದೀಪ ಸರಿಸಿದರು, ಮತ್ತೆ ತೆಗೆದರು. ಅಷ್ಟು ಹೊತ್ತೂ ಅಕ್ಕ ಮಲಗಿದಳು. ಇಪ್ಪತ್ತು ಇಪ್ಪತ್ತೈದು ನಿಮಿಷ ಇದ್ದೀತು.

ಸೀಟಿ ಒಳಗೆ ಬಂದು ಅವಳ ಕಿವಿಗೆ ಊದಿದ.

ಅಕ್ಕ ಎದ್ದವಳೇ ಕೈಯಲ್ಲಿ ಇಲ್ಲದ ಕಬ್ಬಿಣದ ಪಟ್ಟಿಯನ್ನು ಬೀಸಿದಳು. ಕೂಸು ಕಿಟಾರನೆ ಕಿರುಚಿತು. ಸೇವೆಗೆ ಬಂದವರಲ್ಲಿ ಒಬ್ಬ ನಕ್ಕುಬಿಟ್ಟ, ಆಮೇಲೆ ಬಾಯಿ ಮುಚ್ಚಿಕೊಂಡ.

“ಆಯ್ತು, ಏಳಿ. ನೆಲದ ಮೇಲೆ ಉಗುಳಿಲ್ಲ ತಾನೆ?”

“ಇನ್ನೊಂಚೂರು ಹೊತ್ತು ಅಣ್ಣ” ಅಂದಳು ಅಕ್ಕ. ಅವಳು ಬೇಡುವ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. “ಸಂಜೆ ತನಕ. ಮೂಲೆಯಲ್ಲಿ ಇರ್ತೀವಿ, ಯಾವುದನ್ನೂ ಮುಟ್ಟಲ್ಲ.”

“ಮಲಗೋಕೆ ಇದೇನು ನಿನ್ನ ಗಂಡನ ಮನೆನಾ? ಅವನು ಯಾವ ಊರಲ್ಲಿ ಯಾರನ್ನ ಮಲಗಿಸ್ಕೊಂಡಿದಾನೋ, ಅಲ್ಲಿ ಹೋಗಿ ಕೇಳು ಹೋಗು.”

ಅವನು ಬಕೆಟ್ಟಿನಿಂದ ಫಿನಾಯಿಲಿನ ಬಟ್ಟೆ ಹಿಂಡಿ, ಅಕ್ಕ ಕೂತಿದ್ದ ಜಾಗವನ್ನು ಒರೆಸಿದ. ಆಮೇಲೆ ಕೂಸು ಮಲಗಿದ್ದ ನೆಲ. ತೆನೆಕೂದಲು ಅದನ್ನು ನೋಡಿ, ತಾನೂ ಒಂದು ಬಟ್ಟೆ ತೆಗೆದುಕೊಂಡು, ಮೊಣಕಾಲೂರಿ, ಅವನ ಜೊತೆ ಶ್ರದ್ಧೆಯಿಂದ ಒರೆಸತೊಡಗಿದಳು.

ನಾನು ಅವಳ ಹತ್ತಿರ ಹೋದೆ. “ಅಣ್ಣ, ಅವಳನ್ನ ಒಂದು ಮಾತು ಕೇಳಿ. ಈ ಮನೆ ಯಾರಿಗೆ ಅಂತ.”

ಸೀಟಿಗೆ ಏನನ್ನಿಸಿತೋ, ಕೇಳಿದ. ತೆನೆಕೂದಲು ಒರೆಸುವುದನ್ನು ನಿಲ್ಲಿಸಿ ಬಹಳ ಹೊತ್ತು ಮಾತಾಡಿದಳು. ಅವಳ ಕಣ್ಣು ಒದ್ದೆಯಾಗಿತ್ತು. ಕೈಯನ್ನು ಬಾಗಿಲಿನಾಚೆ, ಶೆಡ್ಡಿನಾಚೆ, ದೂರ ದೂರಕ್ಕೆ ಬೀಸಿ ತೋರಿಸಿದಳು.

“ಎಲ್ಲರಿಗೂ ಅಂತೆ” ಅಂದ ಸೀಟಿ.

“ಎಲ್ಲರಿಗೂ ಅಂದ್ರೆ?”

“ಎಲ್ಲರಿಗೂ ಅಂದ್ರೆ ನಿನಗಲ್ಲ ಅಂತ. ನಡಿ ಆಚೆ.”

*

ಮರುದಿನ ಬೆಳಿಗ್ಗೆ ನಮಗೆಲ್ಲ ಒಂದೇ ಬಣ್ಣದ ಅಂಗಿ ಹಂಚಿ, ಹಗ್ಗ ಕಟ್ಟಿ, ಹಗ್ಗದ ಹಿಂದೆ ಸಾಲಾಗಿ ನಿಲ್ಲಿಸಿದರು. ದೊಡ್ಡವರ ಗಾಡಿಗಳು ಗೇಟಿನ ಹತ್ತಿರ ಬರುವುದು ಕಂಡರೆ ಚಪ್ಪಾಳೆ ತಟ್ಟಬೇಕು. ಅಕ್ಕ ಅಂಗಿ ಹಾಕಿಕೊಂಡಿರಲಿಲ್ಲ. ಆ ಬೆಳಗಿನ ಜಾವ ಹೆಗ್ಗಣವೊಂದು ಅವಳ ತೊಡೆಯ ಮೇಲೇ ಹತ್ತಿತ್ತಂತೆ. ಪಟ್ಟಿಯಿಂದ ಹೊಡೆದಳಂತೆ. ಏಟು ಕೂಸಿಗೆ ಬೆರಳುದ್ದದಲ್ಲಿ ತಪ್ಪಿತ್ತು.

“ನಾನು ಒಳಗೆ ಹೋಗ್ತೀನಿ” ಅಂದಳು.

ನಾನು ಅಜ್ಜಿಯ ಮುಖ ನೋಡಿದೆ. ಬೇಡ ಎನ್ನುತ್ತಾಳೆ, ಕಟ್ಟಳೆ ಹೇಳುತ್ತಾಳೆ ಅಂದುಕೊಂಡೆ.

“ಬೆಂಕಿಪೊಟ್ಟಣ ತಗೊಂಡ್ಯಾ?” ಅಂದಳು ಅಜ್ಜಿ.

ಹಗ್ಗ ಎತ್ತಿ ದಾಟಿದೆವು. ಓಡಲಿಲ್ಲ. ಮುಂದೆ ಅಕ್ಕ, ಕೂಸನ್ನು ಎದೆಗವಚಿಕೊಂಡು, ಕೈಯಲ್ಲಿ ಕಬ್ಬಿಣದ ಪಟ್ಟಿ. ಹಿಂದೆ ಅಜ್ಜಿ, ಕಂಕುಳಲ್ಲಿ ಒಂದು ತುಂಡು ತಗಡು, ಅದರ ಮೇಲೆ ಮೂರು ಇಟ್ಟಿಗೆಯ ಚೂರು, ಕೈಯಲ್ಲಿ ನೀರು ತುಂಬಿದ ಪಾತ್ರೆ. ನನ್ನ ಪಾಲಿಗೆ ಒಂದು ಹಿಡಿ ಪುಳ್ಳೆ ಬಂದಿತ್ತು. ಎಲ್ಲರೂ ಗೇಟಿನ ಕಡೆ ನೋಡುತ್ತಿದ್ದರು. ಕುಂಟಿ ಮಾತ್ರ ನಮ್ಮನ್ನು ಕಂಡಳು, ಕಂಡು ಗೇಟಿನ ಕಡೆ ಇನ್ನೂ ಜೋರಾಗಿ ಕತ್ತು ಚಾಚಿದಳು.

ಒಳಗೆ ಹೋಗಿ ಬಾಗಿಲು ಮುಚ್ಚಿದೆ. ಚಿಲಕಕ್ಕೆ ತಡಕಾಡಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ. ಒಳಗಡೆ ಚಿಲಕವೇ ಇರಲಿಲ್ಲ. ಹೊರಗೆ ಹೊಳೆಯುವ ಹಿತ್ತಾಳೆಯದು ಹಾಕಿದ್ದರು. ಒಳಗಿನಿಂದ ಬಾಗಿಲು ಹಾಕಿಕೊಳ್ಳುವವರು ಒಬ್ಬರಿರುತ್ತಾರೆಂದು ಕಟ್ಟಿದ ಹನ್ನೊಂದು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಸೀಟಿ ಬಂದ. ಬಾಗಿಲು ತಳ್ಳಿ ನೋಡಿದ. ನಾವು ಮೂವರೂ ನೆಲದ ಮೇಲೆ ಕೂತಿದ್ದೆವು. ಅವನು ಅಕ್ಕನ ಜಡೆಗೆ ಕೈ ಹಾಕುವಷ್ಟರಲ್ಲಿ ಹೊರಗೆ ಚಪ್ಪಾಳೆ ಶುರುವಾಯಿತು. ಗಾಡಿಗಳು ಬಂದಿದ್ದವು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ದೊಡ್ಡವರ ಕಣ್ಣೆದುರು ಬಾಣಂತಿಯೊಬ್ಬಳನ್ನು ಕೂದಲು ಹಿಡಿದು ಎಳೆಯುವಂತಿರಲಿಲ್ಲ. ಹೊರಗೆ ಹಾರಿ ಬಾಗಿಲೆಳೆದುಕೊಂಡ. ಚಿಲಕ ಬಿದ್ದ ಸದ್ದು ಕೇಳಿತು. ಬಾಗಿಲ ಸಂದಿಯಿಂದ ಅವನ ಪಿಸುದನಿ ಬಂತು.

“ಉಸಿರು ಬಿಟ್ಟರೆ ನೋಡಿ, ಲೌಡಿಗಳಾ. ಮೂರೂ ಜನಾನ ಈ ಬಾಟಲಿ ಒಳಗೆ ತುಂಬಿಬಿಡ್ತೀನಿ.”

“ಹಾಕ್ಕೊಳ್ಲಿ” ಅಂದಳು ಅಕ್ಕ. “ಚಿಲಕ ಯಾವ ಕಡೆಯಿಂದ ಬಿದ್ರೂ ಹೆಗ್ಗಣಕ್ಕೆ ಒಂದೇ.”

ಹೊರಗೆ ಭಾಷಣ ಶುರುವಾಯಿತು. ಸೀಟಿ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸುತ್ತಿದ್ದ. ಕಸಕ್ಕೂ ಒಂದು ಬಾಳಿದೆ ಎಂದರು. ಚಪ್ಪಾಳೆ. ಈ ಮನೆಯ ಬಾಗಿಲು ಸದಾ ತೆರೆದಿರುತ್ತದೆ ಎಂದರು. ಮತ್ತೆ ಚಪ್ಪಾಳೆ.

ಅಜ್ಜಿ ಮೂಲೆಯಲ್ಲಿ ತಗಡು ಹಾಸಿ, ಮೂರು ಇಟ್ಟಿಗೆ ಜೋಡಿಸಿ, ಪುಳ್ಳೆ ಒಟ್ಟಿ ಕಡ್ಡಿ ಗೀರಿದಳು. ಕೂಸಿನ ಕಿವಿ ತೊಳೆಯುವ ನೀರು ಅವತ್ತು ಇನ್ನೂ ಕಾದಿರಲಿಲ್ಲ. ಹೊಗೆ ಮೇಲೆದ್ದು, ಅತ್ತಿಗೆಯ ಬಿಳಿ ಬೆನ್ನನ್ನು ಮುಟ್ಟಿ, ಮಾಡಿನ ಅಂಚಿನ ಸಂದಿಯಿಂದ ಹೊರಗೆ ಹೋಯಿತು.

ಭಾಷಣ ನಿಂತಿತು. ಯಾರೋ ಅವರ ಭಾಷೆಯಲ್ಲಿ ಕೂಗಿದರು. ಕಾಲುಗಳ ಸದ್ದು ಹತ್ತಿರ ಬಂತು.

“ಏ ಮುದುಕಿ, ಆರಿಸೇ ಅದನ್ನ. ಪೂರ್ತಿ ಪ್ಲಾಸ್ಟಿಕ್ ಮನೆ. ಸುಟ್ಟು ಬೂದಿ ಆಗ್ತೀರ.”

“ನಲವತ್ತು ವರ್ಷ ಪ್ಲಾಸ್ಟಿಕ್ ಒಳಗೇ ಬೇಯಿಸಿದೀನಿ ಕಣೋ, ಹಾದರಕ್ಕೆ ಹುಟ್ಟಿದೋನೆ” ಅಂದಳು ಅಜ್ಜಿ, ಒಲೆಯಿಂದ ಮುಖವೆತ್ತದೆ. “ನನಗೆ ಬೆಂಕಿ ಹೇಳಿಕೊಡಬೇಡ.”

ಅವಳು ಬೈದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೊರಗೆ ತೆನೆಕೂದಲಿನ ದನಿ ಕೇಳಿಸಿತು. ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಒಳಗೆ ಯಾರಿದ್ದಾರೆ ಎಂದಿರಬೇಕು.

ಚಿಲಕ ಸರಿಯಿತು.

ಅಷ್ಟರಲ್ಲಿ ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಯೋಚಿಸಿ ಕೂತದ್ದಲ್ಲ. ಅಜ್ಜಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಬಂದು ನನ್ನ ಪಕ್ಕ ತನ್ನ ಬೆನ್ನನ್ನೂ ಕೊಟ್ಟಳು. ಮೊದಲ ಏಟಿಗೆ ಹಲಗೆ ನನ್ನ ಬೆನ್ನುಮೂಳೆಗೆ ಬಡಿದು ಕಣ್ಣು ಕತ್ತಲೆ ಬಂತು. ಬಾಗಿಲು ಎರಡು ಬೆರಳು ತೆರೆದು ಮತ್ತೆ ಮುಚ್ಚಿತು. ಹೊರಗೆ ಒಬ್ಬನಿದ್ದವನು ಇಬ್ಬರಾದರು, ಮೂವರಾದರು. ಎಲ್ಲ ಭಾಷೆಗಳಲ್ಲೂ ಕೂಗುತ್ತಿದ್ದರು. ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಸುಕ್ಕುಗಟ್ಟಿದ, ಗಾಜಿನ ಗೆರೆಗಳು ತುಂಬಿದ ಕೈ.

ಅಕ್ಕ ನಡುಮನೆಯಲ್ಲಿ ಸೆರಗು ಹಾಸಿ ಕೂಸನ್ನು ಮಲಗಿಸಿದಳು. ಅದರ ಪಕ್ಕ ತಾನೂ ಮಗ್ಗುಲಾದಳು, ಒಂದು ತೋಳನ್ನು ಅದರ ಮೇಲೆ ಬಳಸಿ. ಕಬ್ಬಿಣದ ಪಟ್ಟಿಯನ್ನು ಕೈಯಿಂದ ಬಿಟ್ಟಳು.

ಹೊರಗಿನಿಂದ ಮತ್ತೊಂದು ನೂಕು. ನನ್ನ ಕಾಲು ಜಾರಿತು. ಮತ್ತೆ ಊರಿದೆ. ಸೀಟಿ ಸಂದಿಗೆ ಬಾಯಿಟ್ಟು ಊದತೊಡಗಿದ, ಉಸಿರು ತೆಗೆದುಕೊಳ್ಳಲೂ ನಿಲ್ಲಿಸದೆ, ಕಿವಿ ಸೀಳುವ ಹಾಗೆ.

ಅಕ್ಕ ಆಗಲೇ ನಿದ್ದೆ ಹೋಗಿದ್ದಳು.